ವೋಲ್ಟೇಜ್ ಇದ್ದಾಗ ಕಟ್ಟುವ ಮಂಜುಗಡ್ಡೆಯೇ ಬೇರೆ

ನಾನು ಹುಟ್ಟಿ ಬೆಳೆದದ್ದು ಕುಂದಾಪುರದಲ್ಲಿ. ವಿದ್ಯುತ್ ಲೈನಿನ ತಂತಿಯನ್ನು ಕಂಬಕ್ಕೆ ಕರೆಂಟು ಹರಿಯದಂತೆ ಹಿಡಿದಿಡುವ ಇನ್ಸುಲೇಟರ್ ಕೈಕೊಟ್ಟಿತು ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಉಪ್ಪು. ಮಳೆಗಾಲ ಕಳೆದ ಮೇಲೆ ಕಡಲ ಗಾಳಿ ತಂದ ಉಪ್ಪು ಪಿಂಗಾಣಿಯ ಡಿಸ್ಕ್‌ಗಳ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂರುತ್ತದೆ. ಡಿಸೆಂಬರಿನ ನಸುಕಿನಲ್ಲಿ ಇಬ್ಬನಿ ಬಿದ್ದು ಆ ಪೊರೆ ಒದ್ದೆಯಾದಾಗ ಕಂಬದ ಮೇಲಿನಿಂದ ಚರ್ರೆಂಬ ಸದ್ದು ಕೇಳುತ್ತದೆ. ಇನ್ನೂ ಕತ್ತಲಿದ್ದರೆ ನೀಲಿ ಕಿಡಿಗಳೂ ಕಾಣುತ್ತವೆ. ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಆ ಸದ್ದಿನಿಂದ.

ಉಪ್ಪಿನ ಪರೀಕ್ಷೆಯನ್ನು ಕ್ರಮಬದ್ಧವಾಗಿ ಕಲಿತದ್ದು ಬೆಂಗಳೂರಿನಲ್ಲಿ ಸ್ನಾತಕೋತ್ತರ ಓದುವಾಗ. ಉಪ್ಪನ್ನೂ ಕೇಯೊಲಿನ್ ಜೇಡಿಯನ್ನೂ ನೀರಿನಲ್ಲಿ ಕಲಸಿ ಡಿಸ್ಕ್‌ಗೆ ಬಳಿಯಬೇಕು, ಒಣಗಿಸಬೇಕು, ಮಂಜಿನ ಕೋಣೆಯಲ್ಲಿ ತೂಗುಹಾಕಿ ಹಬೆ ಬಿಟ್ಟು ವೋಲ್ಟೇಜ್ ಕೊಡಬೇಕು. ಬಳಿಯುವ ಕೆಲಸ ಮೇಜಿನ ಮೇಲೆ, ವೋಲ್ಟೇಜ್ ಆಮೇಲೆ. ಈ ಕ್ರಮ ನನ್ನ ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಕೊಳೆಗೂ ವೋಲ್ಟೇಜಿಗೂ ಕೊನೆಯ ಗಳಿಗೆಯವರೆಗೆ ಯಾವ ಸಂಬಂಧವೂ ಇಲ್ಲ ಎಂದು ನಾನು ನಂಬಿಬಿಟ್ಟಿದ್ದೆ. ಕೆನಡಾಕ್ಕೆ ಹೋಗುವಾಗ ಆ ನಂಬಿಕೆಯೂ ಪೆಟ್ಟಿಗೆಯ ಜೊತೆಗೇ ಬಂದಿತ್ತು.

ಹೋದದ್ದು ಕ್ವಿಬೆಕ್ ಪ್ರಾಂತದ ಶಿಕೂತಿಮಿಗೆ. ಸಾಗ್ನೇ ನದಿಯ ದಂಡೆಯ ಊರು. ವಿದ್ಯುತ್ ಜಾಲದ ಮೇಲೆ ಕಟ್ಟುವ ಮಂಜುಗಡ್ಡೆಯನ್ನು ದಶಕಗಳಿಂದ ಅಧ್ಯಯನ ಮಾಡುತ್ತ ಬಂದ ವಿಶ್ವವಿದ್ಯಾಲಯ ಅಲ್ಲಿದೆ. ಅಲ್ಲಿನ ಜನ ಆಡುವ ಫ್ರೆಂಚ್‌ನಲ್ಲಿ ನಾನು ಮೊದಲು ಕಲಿತ ಪದಗಳಲ್ಲಿ ಒಂದು 'ವೆರ್ಗ್ಲಾ'. ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿದ ಮಳೆಹನಿ, ಏನನ್ನಾದರೂ ಮುಟ್ಟಿದ ಕೂಡಲೇ ಗಾಜಿನಂತೆ ಗಟ್ಟಿಯಾಗುತ್ತದಲ್ಲ, ಅದು ವೆರ್ಗ್ಲಾ. ಕನ್ನಡದಲ್ಲಿ ಇದಕ್ಕೊಂದು ಪದ ಬೇಕಾದ ಪ್ರಸಂಗವೇ ಬಂದಿಲ್ಲ. ಸೂರಿನಂಚಿನಿಂದ ಜೋತುಬೀಳುವ ಮಂಜುಗಡ್ಡೆಯ ಕೋಲಿಗೂ ನಮ್ಮಲ್ಲಿ ಬಳಕೆಯ ಹೆಸರಿಲ್ಲ. ಇಲ್ಲಿ ಅದನ್ನು ಹಿಮಗೋಲು ಎಂದು ಕರೆಯುತ್ತೇನೆ.

ಕ್ವಿಬೆಕ್‌ನಲ್ಲಿ ಮಂಜುಗಡ್ಡೆಯ ಮಾತೆತ್ತಿದರೆ ಎಲ್ಲರೂ 1998ರ ಜನವರಿಯ ಕತೆ ಹೇಳುತ್ತಾರೆ. ಐದಾರು ದಿನ ಬಿಡದೆ ಸುರಿದ ವೆರ್ಗ್ಲಾ ಮಳೆ, ಮುರಿದುಬಿದ್ದ ಸುಮಾರು ಸಾವಿರ ಉಕ್ಕಿನ ಗೋಪುರಗಳು, ಸಾವಿರಾರು ಮರದ ಕಂಬಗಳು, ಮಾಂಟ್ರಿಯಲ್‌ನ ದಕ್ಷಿಣದ ಕೆಲವು ಕಡೆ ತಿಂಗಳಿಗೂ ಮೀರಿದ ಕತ್ತಲೆ. ಅದು ಭಾರದ ಕತೆ. ತಂತಿ ಹೊತ್ತ ಮಂಜುಗಡ್ಡೆಯ ತೂಕಕ್ಕೆ ಉಕ್ಕು ಬಾಗಿತು. ನನ್ನ ಕೆಲಸಕ್ಕೆ ಹತ್ತಿರವಾದದ್ದು ಅದಕ್ಕಿಂತ ಹತ್ತು ವರ್ಷ ಹಿಂದಿನ, ಹೊರಗಿನವರು ಅಷ್ಟಾಗಿ ಕೇಳದ ಘಟನೆ. 1988ರ ಏಪ್ರಿಲ್ 18ರಂದು ಸೇಂಟ್ ಲಾರೆನ್ಸ್ ನದಿಯ ಉತ್ತರ ದಂಡೆಯ ಆರ್ನೋ ಸಬ್‌ಸ್ಟೇಷನ್ನಿನಲ್ಲಿ ಇನ್ಸುಲೇಟರ್‌ಗಳ ಮೇಲೆ ಒದ್ದೆ ಹಿಮ ಕೂತು ಫ್ಲ್ಯಾಶ್‌ಓವರ್ ಆಯಿತು. ಅಂದರೆ ಲೈನಿನಿಂದ ನೆಲಕ್ಕೆ ಬೆಂಕಿಯ ದಾರಿ ತೆರೆದುಕೊಂಡಿತು. 735 ಕಿಲೋವೋಲ್ಟ್ ಜಾಲ ಸರಣಿಯಾಗಿ ಕುಸಿದು ಪ್ರಾಂತದ ಬಹುಪಾಲು ಕತ್ತಲಾಯಿತು. ಆ ದಿನ ಗೋಪುರಗಳು ನಿಂತೇ ಇದ್ದವು. ಸೋತದ್ದು ಪಿಂಗಾಣಿಯ ಮೇಲ್ಮೈ.

ನನ್ನ ಪರೀಕ್ಷೆಯ ಸರ ದೊಡ್ಡದೇನಲ್ಲ. 255 ಮಿಲಿಮೀಟರ್ ವ್ಯಾಸದ, ಒಂದರಿಂದೊಂದಕ್ಕೆ 146 ಮಿಲಿಮೀಟರ್ ಅಂತರವಿರುವ ಐದು ಡಿಸ್ಕ್‌ಗಳು. ನಮ್ಮೂರಿನ ಲೈನ್‌ಮನ್‌ಗಳಿಗೂ ಚಿರಪರಿಚಿತವಾದ ಡಿಸ್ಕುಗಳನ್ನು ಒಂದಕ್ಕೊಂದು ಕೂಡಿಸುವ ಅದೇ ಲೋಹದ ಟೋಪಿ, ಅದೇ ಪಿನ್ನು. ಡಿಸ್ಕ್‌ ಒಂದಕ್ಕೆ ಸುಮಾರು 15 ಕಿಲೋವೋಲ್ಟ್ ಲೆಕ್ಕದಲ್ಲಿ ಇಡೀ ಸರಕ್ಕೆ 75 ಕಿಲೋವೋಲ್ಟ್. ಶೀತಲ ಕೋಣೆಯ ತಾಪಮಾನ ಮೈನಸ್ 12 ಡಿಗ್ರಿ. ನಳಿಕೆಗಳಿಂದ ಸರಾಸರಿ 80 ಮೈಕ್ರಾನಿನ ಹನಿಗಳು ಹೊರಟು, ಸೆಕೆಂಡಿಗೆ ಮೂರು ಮೀಟರಿಗಿಂತ ತುಸು ಹೆಚ್ಚಿನ ಗಾಳಿಯಲ್ಲಿ ತೇಲುತ್ತ, ಸರವನ್ನು ತಲುಪುವಷ್ಟರಲ್ಲಿ ಕೋಣೆಯ ಚಳಿಯನ್ನೇ ಹೊದ್ದಿರುತ್ತವೆ. ಪಕ್ಕದಲ್ಲಿ 38 ಮಿಲಿಮೀಟರ್ ವ್ಯಾಸದ ಒಂದು ಕೊಳವೆ ನಿಮಿಷಕ್ಕೊಂದು ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಎಷ್ಟು ದಪ್ಪ ಕಟ್ಟಿತು ಎಂಬುದೇ ನಮ್ಮ ಅಳತೆಗೋಲು. ಇನ್ಸುಲೇಟರ್ ಮೇಲಿನ ದಪ್ಪವನ್ನು ಅಳೆಯಲು ಹೊರಟರೆ ಎಲ್ಲಿ ಅಳೆಯುವುದು? ಅದು ಎಲ್ಲೂ ಒಂದೇ ಸಮನಾಗಿರುವುದಿಲ್ಲ.

ಮೊದಲ ಮೂರು ವಾರ ನಾನು ಬೆಂಗಳೂರಿನ ಕ್ರಮವನ್ನೇ ಅನುಸರಿಸಿದೆ. ವೋಲ್ಟೇಜ್ ಕೊಡದೆ ಮಂಜುಗಡ್ಡೆ ಕಟ್ಟಿಸಿದೆ. ನೋಡಲು ತುಂಬ ಚೆಂದ. ಪ್ರತಿ ಡಿಸ್ಕಿನ ಅಂಚಿನಿಂದಲೂ ಹಿಮಗೋಲುಗಳು ನೆಟ್ಟಗೆ ಇಳಿದು ಕೆಳಗಿನ ಡಿಸ್ಕನ್ನು ಮುಟ್ಟುತ್ತಿದ್ದವು. ಎರಡು ಗಂಟೆಯೊಳಗೆ ಐದೂ ಡಿಸ್ಕ್‌ಗಳು ಒಂದೇ ಗಾಜಿನ ಕಂಬದೊಳಗೆ ಸೇರಿಹೋಗುತ್ತಿದ್ದವು. ಆಮೇಲೆ ವೋಲ್ಟೇಜ್ ಏರಿಸುವುದು. ಆದರೆ ಸಿಕ್ಕಿದ ಅಂಕಿಗಳು ಒಂದಕ್ಕೊಂದು ಹೊಂದಲೇ ಇಲ್ಲ. ಒಂದು ದಿನ ಸರದ ನಡುವಿನ ತುಂಡು ಕರಗಿ ಕಳಚಿಬಿದ್ದು ಅಲ್ಲಿಂದ ಆರ್ಕ್, ಅಂದರೆ ಗಾಳಿಯನ್ನು ಸೀಳಿ ಹರಿಯುವ ಬೆಂಕಿಯಂಥ ಕಿಡಿ, ಹುಟ್ಟಿದರೆ, ಮರುದಿನ ಮೇಲ್ತುದಿಯಿಂದ. ಎಲ್ಲಿ ಬಿರುಕು ಬಿಟ್ಟಿತೋ ಅಲ್ಲಿಂದ ಕತೆ ಶುರು. ಹನಿಯ ಗಾತ್ರ, ಗಾಳಿ, ತಾಪಮಾನ ಎಲ್ಲವನ್ನೂ ಮತ್ತೆ ಮತ್ತೆ ಪರಿಶೀಲಿಸಿದೆ. ತಪ್ಪು ಅಲ್ಲೆಲ್ಲೂ ಇರಲಿಲ್ಲ. ಶೀತಲ ಕೋಣೆಯನ್ನು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದ ಹಿರಿಯ ತಂತ್ರಜ್ಞರೊಬ್ಬರು ನನ್ನ ಫೋಟೋಗಳನ್ನು ಒಂದೊಂದಾಗಿ ತಿರುವಿ, "ಇಂಥ ಇನ್ಸುಲೇಟರನ್ನು ನಾನು ಯಾವ ಲೈನಿನಲ್ಲೂ ಕಂಡಿಲ್ಲ" ಎಂದರು. ಅಷ್ಟೇ ಹೇಳಿ ಹೋದರು. ಆ ಸಂಜೆ ಹೊರಗಿನ ಲೈನುಗಳ ಹಳೆಯ ಚಿತ್ರಗಳನ್ನು ತೆಗೆದು ನನ್ನವುಗಳ ಪಕ್ಕ ಇಟ್ಟೆ. ಹೊರಗಿನ ಸರಗಳಲ್ಲಿ ಲೈನಿನ ತುದಿಗೆ ಹತ್ತಿರ ಖಾಲಿ ಜಾಗಗಳಿದ್ದವು. ನನ್ನ ಗಾಜಿನ ಕಂಬದಲ್ಲಿ ಒಂದೂ ಇರಲಿಲ್ಲ.

ಮರುದಿನ ಮೊದಲ ಹನಿಯಿಂದಲೇ 75 ಕಿಲೋವೋಲ್ಟ್ ಕೊಟ್ಟು ಶುರು ಮಾಡಿದೆವು.

ಮೊದಲ ಅರ್ಧ ಗಂಟೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಡಿಸ್ಕಿನ ಗಾಳಿಗೆದುರಾದ ಮಗ್ಗುಲು ಹೊಳೆಯತೊಡಗಿತು, ಅಂಚಿನಲ್ಲಿ ಹನಿಗಳು ಸಾಲುಗಟ್ಟಿದವು, ಹಿಮಗೋಲುಗಳ ಮೊಳಕೆ ಒಡೆಯಿತು. ಅವು ಒಂದೆರಡು ಅಂಗುಲ ಇಳಿದ ಮೇಲೆ ಕೋಣೆಯ ದೀಪ ಆರಿಸಿದೆವು. ಲೈನಿನ ಕಡೆಯ ಕೊನೆಯ ಡಿಸ್ಕಿನ ಬಳಿ ಪ್ರತಿ ಹಿಮಗೋಲಿನ ತುದಿಯಲ್ಲೂ ನೇರಳೆ ಬಣ್ಣದ ಒಂದೊಂದು ಚುಕ್ಕೆ. ಮೇಲಿನ ಡಿಸ್ಕ್‌ಗಳಲ್ಲಿ ಏನೂ ಇಲ್ಲ. ಇದು ಯಾಕೆಂದು ಇಂಜಿನಿಯರಿಂಗ್ ಓದಿದ ಎಲ್ಲರಿಗೂ ಗೊತ್ತು. ಸ್ಟ್ರಿಂಗ್ ಎಫಿಷಿಯೆನ್ಸಿಯ ಲೆಕ್ಕ ಮಾಡದೆ ಪರೀಕ್ಷೆ ಪಾಸಾದವರಿಲ್ಲ. ಡಿಸ್ಕ್‌ಗಳಿಗೂ ನೆಲಕ್ಕೂ ನಡುವಿನ ಕೆಪಾಸಿಟೆನ್ಸ್‌ನಿಂದಾಗಿ ವೋಲ್ಟೇಜ್ ಐವರಿಗೂ ಸಮನಾಗಿ ಹಂಚಿಹೋಗುವುದಿಲ್ಲ, ಲೈನಿಗೆ ತಾಗಿದವನ ಪಾಲು ದೊಡ್ಡದು. ಪರೀಕ್ಷೆಗೆಂದು ಕಲಿತಿದ್ದ ಆ ಲೆಕ್ಕ ಅಂದು ಕತ್ತಲಲ್ಲಿ ನೇರಳೆ ಚುಕ್ಕೆಗಳಾಗಿ ಕಣ್ಣೆದುರು ನಿಂತಿತ್ತು.

ಒಂದು ಹಿಮಗೋಲಿನ ತುದಿಯನ್ನು ದೂರದರ್ಶಕ ಮಸೂರ ಹಾಕಿದ ಕ್ಯಾಮೆರಾದಲ್ಲಿ ನೋಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಇಡೀ ಸಂಶೋಧನಾ ಪ್ರಬಂಧ ನಿಂತಿರುವುದು ಅದರ ಮೇಲೆ. ಬೆಳೆಯುತ್ತಿರುವ ಹಿಮಗೋಲಿನ ತುದಿ ಗಟ್ಟಿಯಾಗಿರುವುದಿಲ್ಲ. ಅದು ತೆಳ್ಳನೆಯ ಮಂಜುಗಡ್ಡೆಯ ಚಿಪ್ಪು, ಒಳಗೆ ಇನ್ನೂ ಹೆಪ್ಪುಗಟ್ಟದ ನೀರು, ಕೆಳಗೆ ಜೋತಾಡುವ ಒಂದು ಹನಿ. ವೋಲ್ಟೇಜ್ ಇಲ್ಲದಿದ್ದರೆ ಹನಿ ದುಂಡಗೆ ತೂಗುತ್ತದೆ, ಭಾರವಾದಾಗ ಉದುರುತ್ತದೆ, ಹೊಸ ಹನಿ ಬರುತ್ತದೆ, ಚಿಪ್ಪು ಕೆಳಗೆ ಕೆಳಗೆ ಹೆಪ್ಪುಗಟ್ಟುತ್ತ ಕೋಲು ಉದ್ದವಾಗುತ್ತದೆ. ವೋಲ್ಟೇಜಿನ ವಿದ್ಯುತ್ ಕ್ಷೇತ್ರವಿದ್ದಾಗ ಹನಿ ಸುಮ್ಮನಿರುವುದಿಲ್ಲ. ಕ್ಷೇತ್ರದ ಎಳೆತ ಕ್ಷೇತ್ರಬಲದ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿರುವುದರಿಂದ ವೋಲ್ಟೇಜ್ ಧನವಾಗಿದ್ದರೂ ಋಣವಾಗಿದ್ದರೂ ಹನಿ ಹೊರಕ್ಕೇ ಎಳೆಯಲ್ಪಡುತ್ತದೆ. ಕ್ವಿಬೆಕ್‌ನ ಕರೆಂಟು 60 ಹರ್ಟ್ಸ್. ಹಾಗಾಗಿ ಹನಿ ಸೆಕೆಂಡಿಗೆ 120 ಸಲ ಹಿಗ್ಗಿ ಕುಗ್ಗುತ್ತದೆ. ಸ್ಟ್ರೋಬ್ ದೀಪವನ್ನು ಆ ಲಯಕ್ಕಿಂತ ಕೂದಲೆಳೆಯಷ್ಟು ಆಚೀಚೆ ಇಟ್ಟರೆ ಆ ನಡುಕ ನಿಧಾನವಾಗಿ ಕಾಣುತ್ತದೆ. ದುಂಡು ಹನಿ ಮೊಟ್ಟೆಯಾಗುತ್ತದೆ, ಮೊಟ್ಟೆ ಚೂಪಾಗುತ್ತದೆ, ತುದಿ ಶಂಕುವಾಗುತ್ತದೆ, ಶಂಕುವಿನ ಮೂತಿಯಿಂದ ಹೊಗೆಯಂಥ ತುಂತುರು ಚಿಮ್ಮುತ್ತದೆ, ಮತ್ತೆ ದುಂಡಗಾಗುತ್ತದೆ. ಇಂಥ ಶಂಕುವಿನ ಅರ್ಧಕೋನ 49.3 ಡಿಗ್ರಿ ಎಂದು ಬ್ರಿಟಿಷ್ ಭೌತವಿಜ್ಞಾನಿ ಜೆಫ್ರಿ ಟೇಲರ್ 1964ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಶಂಕು, ಮೈನಸ್ 12 ಡಿಗ್ರಿಯ ಕತ್ತಲಲ್ಲಿ ಒಂದು ಹನಿ ನೀರು ಅದನ್ನು ಕಟ್ಟಿ ಕೆಡವಿ ಕಟ್ಟುವುದನ್ನು ನೋಡುತ್ತ ನಾನು ಕೈಗವಸು ಹಾಕಿಕೊಳ್ಳುವುದನ್ನೂ ಮರೆತಿದ್ದೆ.

ಕಿವಿಗೂ ಒಂದು ಸಂಗತಿ ಬಿತ್ತು. ನಮ್ಮೂರಿನ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ 100ರದ್ದು. ಇಲ್ಲಿ 120. ಐದಕ್ಕೆ ಆರರ ಅನುಪಾತ. ನಮ್ಮೂರಿನದನ್ನು ಷಡ್ಜವೆಂದುಕೊಂಡರೆ ಇದು ಸರಿಯಾಗಿ ಸಾಧಾರಣ ಗಾಂಧಾರ. ಅಲ್ಲಿದ್ದಷ್ಟು ವರ್ಷವೂ ಆ ಕೋಣೆಯೊಳಗೆ ಕಾಲಿಟ್ಟಾಗಲೆಲ್ಲ ಊರಿನ ಸ್ವರದಿಂದ ಒಂದು ಗಾಂಧಾರ ಮೇಲಿದ್ದೇನೆ ಎಂದು ಅನ್ನಿಸುತ್ತಿತ್ತು.

ತುಂತುರಾಗಿ ಚಿಮ್ಮಿಹೋದ ನೀರು ಕೋಲನ್ನು ಉದ್ದ ಮಾಡಲು ಉಳಿಯುವುದಿಲ್ಲ. ಅದು ಅಕ್ಕಪಕ್ಕದ ಪಿಂಗಾಣಿಗೆ ಬಡಿದು ಸಜ್ಜಿಗೆಯಂತೆ ತರಿತರಿಯಾಗಿ ಹೆಪ್ಪುಗಟ್ಟುತ್ತದೆ. ಜೊತೆಗೆ ಕೊರೋನಾ, ಅಂದರೆ ತುದಿಯ ಸುತ್ತಲಿನ ಗಾಳಿಯಲ್ಲಿ ನೇರಳೆಯಾಗಿ ಕಂಡ ಆ ವಿದ್ಯುತ್ ಸೋರಿಕೆ, ತನ್ನ ಬಿಸಿಯಿಂದ ತುದಿಯನ್ನು ತುಸು ಬೆಚ್ಚಗಿಡುತ್ತದೆ, ಕೊರೋನಾ ಎಬ್ಬಿಸಿದ ಗಾಳಿ ಬರುವ ಹನಿಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಒಟ್ಟಿನಲ್ಲಿ ಲೈನಿನ ಕಡೆಯ ಹಿಮಗೋಲುಗಳು ಕೆಳಗಿನದನ್ನು ಮುಟ್ಟುವ ಮೊದಲೇ ಬೆಳೆಯುವುದನ್ನು ನಿಲ್ಲಿಸುತ್ತವೆ, ಕೆಲವು ಸೊಟ್ಟಗಾಗುತ್ತವೆ, ತುದಿ ಮೊಂಡಾಗಿ ಕವಲೊಡೆಯುತ್ತವೆ. ಕ್ಷೇತ್ರ ಕಡಿಮೆ ಇರುವ ಕಡೆ ಮಾತ್ರ ಅವು ನಿರಾತಂಕವಾಗಿ ಇಳಿದು ಸೇತುವೆ ಕಟ್ಟುತ್ತವೆ. ಚಿತ್ರಗಳಲ್ಲಿ ನಾನು ಕಂಡಿದ್ದ ಖಾಲಿ ಜಾಗಗಳು ಹೀಗೆ ಹುಟ್ಟುತ್ತವೆ.

ಈಗ ಆ ಖಾಲಿ ಜಾಗದ ಪಾಡು ನೋಡಿ. ಮಂಜುಗಡ್ಡೆಯ ಮೇಲೆ ನೀರಿನ ಪದರವಿದ್ದರೆ ಅದು ಸಾಕಷ್ಟು ಒಳ್ಳೆಯ ವಾಹಕ. ಒಣಗಿದ್ದರೂ 60 ಹರ್ಟ್ಸ್‌ನಲ್ಲಿ ಮಂಜುಗಡ್ಡೆಯ ಪರಾವೈದ್ಯುತ ಸ್ಥಿರಾಂಕ (ತನ್ನೊಳಗೆ ವಿದ್ಯುತ್ ಕ್ಷೇತ್ರವನ್ನು ತಗ್ಗಿಸುವ ಗುಣದ ಅಳತೆ) ಗಾಳಿಯದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಎರಡರಲ್ಲಿ ಯಾವುದಿದ್ದರೂ ಕ್ಷೇತ್ರ ಮಂಜುಗಡ್ಡೆಯನ್ನು ಬಿಟ್ಟು ಗಾಳಿಗೆ ಬಂದು ಸೇರುತ್ತದೆ. ಐದು ಡಿಸ್ಕ್‌ಗಳು ಹಂಚಿಕೊಳ್ಳುತ್ತಿದ್ದ 75 ಕಿಲೋವೋಲ್ಟನ್ನು ಈಗ ಮೂರು ಮೂರು ಸೆಂಟಿಮೀಟರಿನ ಎರಡು ಖಾಲಿ ಜಾಗಗಳು ಹೊರಬೇಕು. ವೋಲ್ಟೇಜಿನ ಶಿಖರದಲ್ಲಿ ಅದು 106 ಕಿಲೋವೋಲ್ಟ್. ಸೆಂಟಿಮೀಟರಿಗೆ ಸರಾಸರಿ 18ರ ಆಸುಪಾಸು. ಗಾಳಿ ಸೀಳುವುದು ಸುಮಾರು 30ರಲ್ಲಿ, ಆದರೆ ಚೂಪಾದ ತುದಿಯ ಬಳಿ ಸರಾಸರಿಗೆ ಬೆಲೆಯಿಲ್ಲ, ಅಲ್ಲಿ ಆ ಮಿತಿ ಯಾವಾಗಲೋ ದಾಟಿರುತ್ತದೆ. ಹೀಗೆ ಕ್ಷೇತ್ರ ಮಂಜುಗಡ್ಡೆಗೆ ಆಕಾರ ಕೊಡುತ್ತದೆ, ಆ ಆಕಾರ ಕ್ಷೇತ್ರವನ್ನು ಒಂದೆಡೆಗೆ ಒತ್ತುತ್ತದೆ, ಒತ್ತಿದ ಕ್ಷೇತ್ರ ಮತ್ತೆ ಮಂಜುಗಡ್ಡೆಯನ್ನು ತಿದ್ದುತ್ತದೆ. ಕಂಪ್ಯೂಟರಿನಲ್ಲಿ ಇದರ ಮಾದರಿ ಮಾಡುವವರಿಗೆ ನಾನು ಹೇಳುವುದಿಷ್ಟೆ: ಮಂಜುಗಡ್ಡೆಯ ಆಕಾರವನ್ನು ಮೊದಲೇ ಬರೆದಿಟ್ಟು ಕ್ಷೇತ್ರವನ್ನು ಒಂದು ಸಲ ಲೆಕ್ಕ ಹಾಕಿ ಮುಗಿಸಬೇಡಿ. ಪ್ರತಿ ಹತ್ತು ನಿಮಿಷದ ಬೆಳವಣಿಗೆಗೂ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ನನ್ನಿಂದ ಇನ್ನೊಂದು ತಪ್ಪಾಯಿತು, ಅದರಿಂದ ಕಲಿತದ್ದು ಮೊದಲನೆಯದಕ್ಕಿಂತ ಹೆಚ್ಚು. ಬೆಳವಣಿಗೆಯನ್ನು ಹಂತಹಂತವಾಗಿ ದಾಖಲಿಸುವ ಆಸೆಯಿಂದ ನಡುನಡುವೆ ವೋಲ್ಟೇಜ್ ತೆಗೆದು, ಅರ್ಥಿಂಗ್ ರಾಡ್ ಹಾಕಿ, ಒಳಹೋಗಿ ಹತ್ತಿರದಿಂದ ಫೋಟೋ ತೆಗೆಯುತ್ತಿದ್ದೆ. ನಳಿಕೆಗಳ ನೀರನ್ನು ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ಅವುಗಳ ಬಾಯಿ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಹತ್ತು ನಿಮಿಷದ ಕೆಲಸ. ಒಂದು ದಿನ ಕ್ಯಾಮೆರಾದ ಬ್ಯಾಟರಿ ಚಳಿಗೆ ಸೋತು, ಬದಲಿಸಿ ಹೊರಬರಲು ಇಪ್ಪತ್ತು ನಿಮಿಷವಾಯಿತು. ಮತ್ತೆ ವೋಲ್ಟೇಜ್ ಏರಿಸಿದರೆ 75 ತಲುಪುವ ಮೊದಲೇ ಸೋರಿಕೆ ಕರೆಂಟು ಜಿಗಿದು ಬ್ರೇಕರ್ ಟ್ರಿಪ್ ಆಯಿತು. ಒಳಗೆ ಹೋಗಿ ನೋಡಿದೆ. ಒಂದೂವರೆ ಗಂಟೆ ಕ್ಷೇತ್ರ ತಡೆದು ನಿಲ್ಲಿಸಿದ್ದ ಹಿಮಗೋಲುಗಳ ಮೊಂಡು ತುದಿಗಳಿಂದ ತೆಳ್ಳನೆಯ, ನೆಟ್ಟನೆಯ, ಸ್ಫಟಿಕದಂಥ ಹೊಸ ಕೋಲುಗಳು ಹೊರಟು ಕೆಳಗಿನ ಡಿಸ್ಕನ್ನು ಮುಟ್ಟಿದ್ದವು. ಹಳೆಯದಕ್ಕೂ ಹೊಸದಕ್ಕೂ ನಡುವೆ ಗಂಟಿನಂಥ ಗುರುತು ಸ್ಪಷ್ಟವಾಗಿತ್ತು. ವೋಲ್ಟೇಜ್ ಎಲ್ಲಿಯವರೆಗೆ ಇತ್ತು, ಎಲ್ಲಿಂದ ಇರಲಿಲ್ಲ ಎಂಬುದನ್ನು ಮಂಜುಗಡ್ಡೆಯೇ ಬರೆದಿಟ್ಟಿತ್ತು.

ಆ ಗಂಟಿನ ಫೋಟೋ ಈಗಲೂ ನನ್ನ ಬಳಿ ಇದೆ. ಅದನ್ನು ನೋಡಿದಾಗಲೆಲ್ಲ ಬಿರುಗಾಳಿಯ ನಡುವೆ ಟ್ರಿಪ್ ಆದ ಲೈನಿನ ಯೋಚನೆ ಬರುತ್ತದೆ. ಲೈನು ಸತ್ತಿರುವಷ್ಟು ಹೊತ್ತೂ ಮಳೆ ನಿಂತಿರುವುದಿಲ್ಲ. ತಡೆಯುವ ಕ್ಷೇತ್ರವಿಲ್ಲದೆ ಖಾಲಿ ಜಾಗಗಳು ತುಂಬಿಕೊಳ್ಳುತ್ತವೆ. ಮತ್ತೆ ಚಾರ್ಜ್ ಮಾಡುವಾಗ ಎದುರಿಗಿರುವುದು ಟ್ರಿಪ್ ಆಗುವ ಮೊದಲಿದ್ದ ಇನ್ಸುಲೇಟರಲ್ಲ. ಹಾಗಾಗಿ ಎಷ್ಟು ಹೊತ್ತು ಲೈನು ಬಂದಾಗಿತ್ತು, ಆ ಹೊತ್ತಿನಲ್ಲಿ ಎಷ್ಟು ಮಳೆ ಬಿತ್ತು ಎಂಬ ಎರಡು ಅಂಕಿಗಳನ್ನು ಚಾರ್ಜ್ ಮಾಡುವವರ ಮುಂದೆ ಇಡಬೇಕೆಂದು ನಾನು ಆಗಿನಿಂದ ಹೇಳುತ್ತ ಬಂದಿದ್ದೇನೆ.

ನೀರಿನ ವಿಷಯವೂ ಸಣ್ಣದಲ್ಲ. ಶುದ್ಧೀಕರಿಸಿದ ನೀರಿಗೆ ಚಿಟಿಕೆ ಚಿಟಿಕೆಯಾಗಿ ಉಪ್ಪು ಬೆರೆಸಿ ವಾಹಕತೆಯನ್ನು 20 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 30 ಮೈಕ್ರೋಸೀಮನ್ಸ್‌ಗೆ ತರುತ್ತಿದ್ದೆವು. ಕುಂದಾಪುರದವನಿಗೆ ಇದು ಉಪ್ಪೇ ಅಲ್ಲ. ಆದರೆ ನೀರು ಹೆಪ್ಪುಗಟ್ಟುವಾಗ ಲವಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹೊರಕ್ಕೆ ದೂಡುತ್ತದೆ. ದೂಡಿದ ಲವಣವೆಲ್ಲ ಮೇಲಿನ ನೀರಿನ ಪದರಕ್ಕೂ ತುದಿಯ ಹನಿಗೂ ಬಂದು ಸೇರುತ್ತದೆ. ಅದರ ಮೇಲೆ ಕೊರೋನಾ ಗಾಳಿಯ ಸಾರಜನಕವನ್ನು ಸುಟ್ಟು ಆಕ್ಸೈಡುಗಳನ್ನು ಮಾಡುತ್ತದೆ, ಅವು ನೀರಿನಲ್ಲಿ ಕರಗಿ ನೈಟ್ರೇಟ್ ಆಗುತ್ತವೆ. ವೋಲ್ಟೇಜ್ ಇದ್ದಾಗ ತುದಿಯಿಂದ ತೊಟ್ಟಿಕ್ಕಿದ ನೀರನ್ನು ಬಟ್ಟಲಿನಲ್ಲಿ ಹಿಡಿದು ಅಳೆದರೆ ನಾವು ಸಿಂಪಡಿಸಿದ ನೀರಿಗಿಂತ ವಾಹಕತೆ ಎಷ್ಟೋ ಪಟ್ಟು ಏರಿರುತ್ತಿತ್ತು. ಉಪ್ಪು ತಂದುಕೊಡುವ ಕಡಲು ಹತ್ತಿರವಿಲ್ಲದ ಕಡೆ, ಮಂಜುಗಡ್ಡೆ ತನಗೆ ಬೇಕಾದ ಉಪ್ಪನ್ನು ತಾನೇ ಸಾಂದ್ರೀಕರಿಸಿಕೊಳ್ಳುತ್ತದೆ.

ಅತ್ಯಂತ ಅಪಾಯದ ಗಳಿಗೆ ಮಂಜುಗಡ್ಡೆ ಕಟ್ಟುವಾಗಿನದಲ್ಲ, ಬಿಸಿಲೇರಿ ಅದು ಕರಗತೊಡಗುವಾಗಿನದು. ಕೋಣೆಯ ತಾಪಮಾನವನ್ನು ಸೊನ್ನೆಯ ಕಡೆಗೆ ನಿಧಾನವಾಗಿ ಏರಿಸುತ್ತ ಹೋದಾಗ ಬೂದಿಬಣ್ಣದ ಮೇಲ್ಮೈ ಒಮ್ಮೆಲೆ ಹೊಳೆಯುತ್ತದೆ. ನೀರಿನ ಪದರ ಬಂತು ಎಂದು ಅದರರ್ಥ. ಖಾಲಿ ಜಾಗಗಳ ನೇರಳೆ ಹಳದಿಗೆ ತಿರುಗುತ್ತದೆ, ಹಳದಿ ದಾರಗಳು ದಪ್ಪಗಾಗಿ ಬಿಳಿಯ ಆರ್ಕ್ ಆಗುತ್ತವೆ. ಆ ಬಿಳಿ ನಾಲಗೆ ಮಂಜುಗಡ್ಡೆಯ ಮೈಮೇಲೆ ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಸರದ ಅರ್ಧಕ್ಕಿಂತ ಮೇಲೆ ಹೋಯಿತೆಂದರೆ ಆಮೇಲೆ ಅದು ಹಿಂದಿರುಗುವುದು ಅಪರೂಪ. ಸಿಡಿಲಿನ ಸದ್ದು, ಕತ್ತಲು, ಗಾಜಿನಂತೆ ಉದುರುವ ಚೂರುಗಳು. ವೋಲ್ಟೇಜ್ ಇಟ್ಟೇ ಕಟ್ಟಿಸಿದ ಮಂಜುಗಡ್ಡೆಯಲ್ಲಿ ಆರ್ಕ್ ಪ್ರತಿ ಸಲವೂ ಲೈನಿನ ಕಡೆಯ ಖಾಲಿ ಜಾಗದಿಂದಲೇ ಹೊರಟಿತು. ನನ್ನ ಅಂಕಿಗಳು ಮೊದಲ ಸಲ ಒಂದಕ್ಕೊಂದು ಹತ್ತಿರ ಬಂದವು.

ಒಣ ಬೆಳವಣಿಗೆಯ ಬಗ್ಗೆ ಎರಡೇ ಮಾತು. ಹನಿಗಳು ತೀರಾ ಸಣ್ಣದಾಗಿ ಚಳಿ ಹೆಚ್ಚಿದ್ದರೆ ಮುಟ್ಟಿದಲ್ಲೇ ಹೆಪ್ಪುಗಟ್ಟಿ ಬೆಳ್ಳಗೆ ನೊರೆಯಂತೆ ಕೂರುತ್ತವೆ. ಇಲ್ಲಿ ಕ್ಷೇತ್ರ ಹೆಚ್ಚಿದಂತೆ ಗರಿಗಳಂತೆ, ಮರದ ಕವಲುಗಳಂತೆ ಬೆಳವಣಿಗೆ ನಡೆಯುತ್ತದೆ, ಸಾಂದ್ರತೆ ಇಳಿಯುತ್ತದೆ. ನೋಡಲು ಬಲು ಸೊಗಸು, ಆದರೆ ಫ್ಲ್ಯಾಶ್‌ಓವರ್ ದೃಷ್ಟಿಯಿಂದ ವೆರ್ಗ್ಲಾದಷ್ಟು ಕೇಡಿನದಲ್ಲ.

ಪರಿಹಾರ ಏನು ಎಂದು ಎಲ್ಲರೂ ಕೇಳುತ್ತಾರೆ. ಸರವನ್ನು ನೆಟ್ಟಗೆ ತೂಗಿಬಿಡದೆ ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ಕಟ್ಟಿದರೆ ಹಿಮಗೋಲುಗಳು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಇಳಿಯುವ ಬದಲು ಬಯಲಿಗೆ ಇಳಿಯುತ್ತವೆ. ನಡುನಡುವೆ ಅಗಲವಾದ ಡಿಸ್ಕ್ ಹಾಕಿದರೆ ಸೇತುವೆ ತುಂಡಾಗುತ್ತದೆ. ನನಗೆ ಎರಡನೆಯದರ ಮೇಲೆ ಹೆಚ್ಚು ವಿಶ್ವಾಸ, ಏಕೆಂದರೆ ಖಾಲಿ ಜಾಗಗಳು ಎರಡರ ಬದಲು ನಾಲ್ಕಾದರೆ ಪ್ರತಿಯೊಂದೂ ಹೊರಬೇಕಾದ ವೋಲ್ಟೇಜ್ ಅರ್ಧಕ್ಕಿಳಿಯುತ್ತದೆ. ಆದರೆ ಯಾವುದನ್ನೇ ಪರೀಕ್ಷಿಸುವುದಾದರೂ ಮೊದಲ ಹನಿ ಬೀಳುವ ಮುಂಚೆ ವೋಲ್ಟೇಜ್ ಇರಬೇಕು, ಕೊನೆಯವರೆಗೂ ಇರಬೇಕು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

ಪ್ರಬಂಧ ಮುಗಿಯುತ್ತ ಬಂದಾಗ ಡಿ.ಸಿ., ಅಂದರೆ ದಿಕ್ಕು ಬದಲಿಸದೆ ಒಂದೇ ಕಡೆ ಹರಿಯುವ ಕರೆಂಟಿನ ಪರೀಕ್ಷೆಗಳನ್ನು ಶುರು ಮಾಡಿದೆವು. ಜೇಮ್ಸ್ ಕೊಲ್ಲಿಯ ಕಡೆಯ ರಾಡಿಸನ್‌ನಿಂದ ಅಮೆರಿಕದ ನ್ಯೂ ಇಂಗ್ಲೆಂಡ್‌ವರೆಗೆ ಹೋಗುವ 450 ಕಿಲೋವೋಲ್ಟ್‌ನ ಡಿ.ಸಿ. ಲೈನೂ ಇದೇ ಚಳಿಯಲ್ಲಿ ನಿಂತಿದೆಯಲ್ಲ. ಮೊದಲ ರಾತ್ರಿ ಅದೇ ಸರ, ಅದೇ ಚಳಿ, ಅದೇ ನೀರು. ದೀಪ ಆರಿಸಿದೆವು. ಗಾಂಧಾರ ಇರಲಿಲ್ಲ, ಬರೀ ಹಿಸ್ಸೆನ್ನುವ ಸದ್ದು. ಕ್ಯಾಮೆರಾದಲ್ಲಿ ತುದಿಯ ಹನಿ ನಡುಗುತ್ತಲೂ ಇರಲಿಲ್ಲ. ಉದ್ದಕ್ಕೆ ಚಾಚಿಕೊಂಡು ಹಾಗೇ ನಿಂತಿತ್ತು, ಆಗೊಮ್ಮೆ ಈಗೊಮ್ಮೆ ತನಗೆ ತೋಚಿದಾಗ ತುಂತುರು ಬಿಟ್ಟು ಮತ್ತೆ ಚಾಚಿಕೊಳ್ಳುತ್ತಿತ್ತು. ಸ್ಟ್ರೋಬ್ ದೀಪದಿಂದ ಪ್ರಯೋಜನವಾಗಲಿಲ್ಲ, ಹೊಂದಿಸಿಕೊಳ್ಳಲು ಅಲ್ಲಿ ಲಯವೇ ಇರಲಿಲ್ಲ. ದಿನಚರಿಯಲ್ಲಿ ಹೊಸ ಪುಟ ತೆರೆದು ಹನಿಯ ಉದ್ದವನ್ನು ನಿಮಿಷಕ್ಕೊಮ್ಮೆ ಬರೆಯುತ್ತ ಕುಳಿತೆ.